ಮರದ ತಿರುಳು ಓದಿದ ಮೇಷ್ಟ್ರು

‘ಪುಷ್ಪ’ ಸಿನಿಮಾ ಬಂದ ಮೇಲೆ ರಕ್ತಚಂದನ ಅಂದ್ರೆ ಏನು ಅಂತ ಕ್ಯಾಂಪಸ್‌ನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಕೆಂಪು ಬಣ್ಣದೊಳಗೆ ಏನಿದೆ ಅಂತ ಲ್ಯಾಬ್‌ನಲ್ಲಿ ಕೂತು ಹುಡುಕಿದವರು ಗೊತ್ತಾ? ಅವರಲ್ಲಿ ದೊಡ್ಡ ಹೆಸರು ಪ್ರೊಫೆಸರ್ ಟಿ. ಆರ್. ಶೇಷಾದ್ರಿ.

1900ರ ಫೆಬ್ರವರಿ 3ರಂದು ಕಾವೇರಿ ದಡದ ಕುಳಿತ್ತಲೈಯಲ್ಲಿ ಹುಟ್ಟಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ, 1927ರಲ್ಲಿ ಮ್ಯಾಂಚೆಸ್ಟರ್‌ಗೆ ಹೋದರು. ಅಲ್ಲಿ ಅವರ ಗೈಡ್ ರಾಬರ್ಟ್ ರಾಬಿನ್ಸನ್, ಮುಂದೆ ನೊಬೆಲ್ ಗೆದ್ದವರು. ಪಿಎಚ್‌ಡಿ ಮುಗಿಸಿ ವಾಪಸ್ ಬಂದ ಶೇಷಾದ್ರಿ, ವಾಲ್ಟೇರ್‌ನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ವಿಭಾಗ ಕಟ್ಟಿದರು. 1942ರಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿನ ಬಾಂಬ್ ಬಿತ್ತು. ಯುದ್ಧದ ಕಾಲದಲ್ಲಿ ವಿಶ್ವವಿದ್ಯಾಲಯವೇ ಗುಂಟೂರಿಗೆ ಗಂಟುಮೂಟೆ ಕಟ್ಟಿತು. ಆದ್ರೂ ಕೆಲಸ ನಿಲ್ಲಲಿಲ್ಲ. 1949ರಲ್ಲಿ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದರು.

ಅವರ ಆಸಕ್ತಿ ಗಿಡಮರಗಳ ಪಾಲಿಫೀನಾಲ್‌ಗಳ ಮೇಲೆ. ಮರದ ನಡುವಿನ ಗಟ್ಟಿ ಭಾಗ, ಅಂದರೆ ತಿರುಳು ಅಥವಾ ಚೇಗು, ಸತ್ತ ಜೀವಕೋಶಗಳದ್ದು. ಅದು ಬೇಗ ಕೊಳೆಯದ ಹಾಗೆ ಮರ ಅಲ್ಲಿ ಈ ರಾಸಾಯನಿಕಗಳನ್ನು ತುಂಬಿಡುತ್ತೆ. ಬಣ್ಣ ಬರೋದೂ ಇವುಗಳಿಂದಲೇ. ಶೇಷಾದ್ರಿ ಮತ್ತು ಶಿಷ್ಯರು ನಮ್ಮ ಬೀಟೆಯ ಸಂಬಂಧಿಯಾದ ಶೀಶಮ್ ಮರದ ಡಾಲ್ಬರ್ಜಿನ್‌ನ ರಚನೆಯನ್ನು 1957ರಲ್ಲಿ ಪ್ರಕಟಿಸಿದರು. ರಕ್ತಚಂದನದ ಕೆಂಪು ಬಣ್ಣ ಸ್ಯಾಂಟಲಿನ್ ಮೇಲೂ ಕೆಲಸ ಮಾಡಿದರು. ಅವರು ಶುರು ಮಾಡಿದ ಕಾಲದಲ್ಲಿ ಎನ್‌ಎಂಆರ್ ಮಷೀನ್ ಇರಲಿಲ್ಲ. ಮರದ ಪುಡಿಯಿಂದ ಸಾರ ತೆಗೆದು, ಹರಳು ಮಾಡಿ, ಅಣುವನ್ನು ತುಂಡು ತುಂಡಾಗಿ ಒಡೆದು, ತುಂಡುಗಳಿಂದ ಇಡೀ ರಚನೆಯನ್ನು ಊಹಿಸಬೇಕಿತ್ತು. ಒಂದು ಥರ ರಿವರ್ಸ್ ಎಂಜಿನಿಯರಿಂಗ್!

ಇದರಿಂದ ಏನು ಉಪಯೋಗ? ಹೊನ್ನೆ ಮರ ನೋಡಿ, ಅದು ರಕ್ತಚಂದನದ್ದೇ ಜಾತಿ. ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಹಿರಿಯರು ಹೇಳ್ತಾರೆ. ಇದರ ತಿರುಳಿನಲ್ಲಿ ಟೆರೋಸ್ಟಿಲ್ಬೀನ್ ಥರದ ಪಾಲಿಫೀನಾಲ್‌ಗಳಿವೆ. 1998ರಲ್ಲಿ ಪ್ರಕಟವಾದ ಐಸಿಎಂಆರ್ ಪರೀಕ್ಷೆಯೊಂದರಲ್ಲಿ ಹೊನ್ನೆ ಸಾರ ತೆಗೆದುಕೊಂಡ 97 ರೋಗಿಗಳಲ್ಲಿ 67 ಜನರ ಸಕ್ಕರೆ 12 ವಾರದಲ್ಲಿ ಹತೋಟಿಗೆ ಬಂತು. ಆದರೆ ಹೋಲಿಸಿ ನೋಡಲು ಔಷಧ ಕೊಡದ ಗುಂಪು ಅದರಲ್ಲಿ ಇರಲಿಲ್ಲ. ಹಾಗಾಗಿ ಲೋಟ ನಂಬಿ ಮಾತ್ರೆ ಬಿಡೋ ಹಾಗಿಲ್ಲ.

ಹಿರಿಯರ ಮಾತು ನಿಜವಾ ಸುಳ್ಳಾ ಅಂತ ಜಗಳ ಆಡೋ ಮೊದಲು ಆ ನೀರಲ್ಲಿ ಯಾವ ಅಣು ಇದೆ ಅಂತ ಗೊತ್ತಿರಬೇಕು. ಹೆಸರಿಲ್ಲದ ವಸ್ತುವನ್ನು ಎಷ್ಟು ಕೊಡಬೇಕು, ಎಷ್ಟಾದರೆ ವಿಷ ಅಂತ ಅಳೆಯೋಕಾಗಲ್ಲ. ಶೇಷಾದ್ರಿ ಮಾಡಿದ್ದು ಆ ಮೊದಲನೇ ಹೆಜ್ಜೆ.

1960ರಲ್ಲಿ ಅವರು ರಾಯಲ್ ಸೊಸೈಟಿ ಫೆಲೋ ಆದರು. 1963ರಲ್ಲಿ ಪದ್ಮಭೂಷಣ ಬಂತು. ನಿವೃತ್ತಿಯಾದ ಮೇಲೂ, 1972ರಲ್ಲಿ, ಇದೇ ಮರಗಳ ಪಾಲಿಫೀನಾಲ್‌ಗಳ ಬಗ್ಗೆ ಸಮೀಕ್ಷಾ ಲೇಖನ ಬರೆದರು. 1975ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಅವರು ಬಿಟ್ಟುಹೋದ ಎರಡನೇ ಹೆಜ್ಜೆ, ಅಂದರೆ ಅಣುವಿನಿಂದ ಔಷಧದವರೆಗಿನ ದಾರಿ, ಇನ್ನೂ ಪೂರ್ತಿ ಆಗಿಲ್ಲ. ಬಯೋಟೆಕ್, ಕೆಮಿಕಲ್ ಬ್ರಾಂಚಿನವರೇ, ಪ್ರಾಜೆಕ್ಟ್ ಐಡಿಯಾ ಹುಡುಕ್ತಾ ಇದ್ರೆ ಇಲ್ಲಿದೆ ನೋಡಿ.