ಕಿತ್ತೂರ ರಾಣಿ ಚೆನ್ನಮ್ಮ

ಹುಬ್ಬಳ್ಳಿಯ ನಡುವೂರಿನಲ್ಲಿ ಕುದುರೆಯನ್ನೇರಿ ಖಡ್ಗವನ್ನೆತ್ತಿ ನಿಂತಿರುವ ರಾಣಿ ಚೆನ್ನಮ್ಮನ ಮೂರ್ತಿಯನ್ನು ಕಾಣದ ವಾಚಕರು ನಮ್ಮಲ್ಲಿ ಯಾರೂ ಇರಲಾರರು. ಆ ಮೂರ್ತಿಯನ್ನು ಬಳಸಿಕೊಂಡು ಕಚೇರಿಗೂ ಪೇಟೆಗೂ ಹೋಗುವವರನ್ನು ತಡೆದು, ರಾಣಿಯು ಇಂಗ್ಲಿಷರೊಡನೆ ಕಾದಿದ್ದು ಯಾತಕ್ಕೆಂದು ಕೇಳಿದರೆ, ಕಪ್ಪವನ್ನು ಕೊಡಲೊಲ್ಲದುದಕ್ಕೆ ಎಂದೇ ಹೆಚ್ಚಿನವರು ಹೇಳುವರು. ೧೯೬೧ರ ಚಲಚ್ಚಿತ್ರವು ಈ ತಿಳುವಳಿಕೆಯನ್ನು ಮನೆಮನೆಗೂ ಮುಟ್ಟಿಸಿತು. ಆ ಚಿತ್ರವನ್ನು ನಾವು ಹಳಿಯುವವರಲ್ಲ. ಮರೆವಿಗೆ ಸಂದಿದ್ದ ಎಷ್ಟೋ ಜನರಿಗೆ ರಾಣಿಯ ಹೆಸರನ್ನು ಅದು ನೆನಪಿಗೆ ತಂದಿತು. ಆದರೆ ಕಿತ್ತೂರು ಸಂಸ್ಥಾನವು ಕಪ್ಪವನ್ನು ಕೊಡುತ್ತಲೇ ಬಂದಿತ್ತು. ಕಲಹದ ಬೇರು ಬೇರೆಡೆಯಲ್ಲಿದೆ. ಅದನ್ನು ಅರಿಯದೆ ಚೆನ್ನಮ್ಮನ ಚರಿತ್ರವನ್ನು ಅರಿತಂತಾಗದು.

ಬೆಳಗಾವಿಯ ಬಳಿಯ ಕಾಕತಿಯಲ್ಲಿ, ಧೂಳಪ್ಪಗೌಡ ದೇಸಾಯಿಯ ಮಗಳಾಗಿ ೧೭೭೮ರಲ್ಲಿ ಚೆನ್ನಮ್ಮನು ಹುಟ್ಟಿದಳು. ಕುದುರೆಯ ಸವಾರಿಯನ್ನೂ ಕತ್ತಿವರಸೆಯನ್ನೂ ಎಳೆತನದಲ್ಲಿಯೇ ಕಲಿತಳೆಂಬುದು ಎಲ್ಲರ ಬಾಯಲ್ಲಿದೆ. ಅವಳನ್ನು ಮದುವೆಯಾದವನು ಕಿತ್ತೂರಿನ ದೇಸಾಯಿ ಮಲ್ಲಸರ್ಜನು. ಅವನ ಹಿರಿಯ ಹೆಂಡತಿ ರುದ್ರಮ್ಮನಾದುದರಿಂದ ಚೆನ್ನಮ್ಮನು ಕಿರಿಯ ರಾಣಿಯಾಗಿ ಆ ಮನೆಯನ್ನು ಹೊಕ್ಕಳು. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ, ೧೫೮೫ರಲ್ಲಿ, ನೆಲೆಗೊಂಡ ಮನೆತನವದು.

ಇಂತಹ ನಡುವಣ ಸಂಸ್ಥಾನಗಳ ಬಾಳು ಎರಡು ಗೋಣಗಳ ಕಾಳಗದಲ್ಲಿ ಸಿಕ್ಕ ಗಿಡದ ಬಾಳಿನಂತೆ. ಮಲ್ಲಸರ್ಜನು ಮೊದಲು ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದನು. ೧೭೯೨ರ ಶ್ರೀರಂಗಪಟ್ಟಣದ ಒಡಂಬಡಿಕೆಯಲ್ಲಿ ಧಾರವಾಡದ ಸೀಮೆಯು ಮರಾಠರ ಪಾಲಿಗೆ ಹೋಯಿತು. ಆ ಒಡಂಬಡಿಕೆಯನ್ನು ಟಿಪ್ಪುವಿನ ಮೇಲೆ ಹೇರಿದ ಲಾರ್ಡ ಕಾರ್ನವಾಲಿಸನೇ ೧೭೮೧ರಲ್ಲಿ ಅಮೇರಿಕದ ಯಾರ್ಕಟೌನಿನಲ್ಲಿ ವಾಶಿಂಗ್ಟನ್ನನಿಗೂ ಫ್ರೆಂಚರಿಗೂ ಶಸ್ತ್ರವನ್ನೊಪ್ಪಿಸಿ ಬಂದವನು. ಅಲ್ಲಿ ಕಳಕೊಂಡುದನ್ನು ಇಲ್ಲಿ ತುಂಬಿಕೊಂಡನೆನ್ನಬೇಕು. ಆ ಬಳಿಕ ಮಲ್ಲಸರ್ಜನು ಪೇಶವೆಗೆ ವರ್ಷಕ್ಕೆ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿಗಳ ಕಾಣಿಕೆಯನ್ನು ಒಪ್ಪಿಕೊಳ್ಳಬೇಕಾಯಿತು. ಎರಡನೆಯ ಬಾಜೀರಾಯನು ಅವನನ್ನು ಪುಣೆಗೆ ಒಯ್ದು ಬಂಧನದಲ್ಲಿಟ್ಟನು. ೧೮೧೬ರಲ್ಲಿ ಬಿಡುಗಡೆಯಾದಾಗ ದೇಹವು ಜೀರ್ಣವಾಗಿತ್ತು. ಊರಿಗೆ ಮರಳುವಷ್ಟರಲ್ಲಿಯೇ ತೀರಿಕೊಂಡನು. ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಗದ್ದುಗೆಯನ್ನೇರಿದನು.

೧೮೧೮ರಲ್ಲಿ ಪೇಶವಾಯಿಯು ಮುಳುಗುವ ಸಮಯದಲ್ಲಿ ಈ ಶಿವಲಿಂಗರುದ್ರನು ಇಂಗ್ಲಿಷರ ಪಕ್ಷಕ್ಕೆ ಸೇರಿದನು. ಜನರಲ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಕಿತ್ತೂರಿನ ನೆರವು ಅವನಿಗಿತ್ತು. ಇದನ್ನು ಮರೆಮಾಚುವುದು ನಮಗೆ ಸಮ್ಮತವಿಲ್ಲ. ತಂದೆಯನ್ನು ಸೆರೆಯಲ್ಲಿ ಕೊರಗಿಸಿದವನ ಮೇಲೆ ಮಗನಿಗೆ ಮುನಿಸಿದ್ದುದು ಸಹಜವೇ. ಈ ನೆರವಿಗೆ ಪ್ರತಿಯಾಗಿ ಕಂಪನಿಯು ಸನದನ್ನು ಕೊಟ್ಟು ಸಂಸ್ಥಾನವನ್ನು ಅವನಲ್ಲಿಯೇ ಉಳಿಸಿತು. ಕಪ್ಪವು ಪುಣೆಯ ಬದಲು ಕಂಪನಿಯ ಬೊಕ್ಕಸಕ್ಕೆ ಸಲ್ಲತೊಡಗಿತು. ಹೀಗೆ ಆರು ವರ್ಷಗಳು ನಡೆದವು.

೧೮೨೪ರ ಸಪ್ಟಂಬರದಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ಮಡಿದನು. ಚೆನ್ನಮ್ಮನ ಹೊಟ್ಟೆಯ ಮಗನೂ ಉಳಿದಿರಲಿಲ್ಲ. ದೇಸಾಯಿಯು ಸಾಯುವ ಮುನ್ನ ಮಸ್ತಮರಡಿಯ ಗೌಡನ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡನೆಂದು ಧಾರವಾಡದ ಕಲೆಕ್ಟರನಿಗೆ ಪತ್ರವು ಹೋಯಿತು. ಆಗಿನ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಸೇಂಟ್ ಜಾನ್ ಥ್ಯಾಕರೆ. ಮುಂದೆ ಹೆಸರಾಂತ ಕಾದಂಬರಿಕಾರನಾದ ಥ್ಯಾಕರೆಯ ಚಿಕ್ಕಪ್ಪ. ಅವನು ಧಾರವಾಡದ ಸರಕಾರೀ ವೈದ್ಯನನ್ನು ಕಳುಹಿದನು. ವೈದ್ಯನು ಮುಟ್ಟುವಷ್ಟರಲ್ಲಿ ದೇಸಾಯಿಯು ಸತ್ತಿದ್ದನು. ಪತ್ರದ ಮೇಲಿನ ಸಹಿಯು ದೇಸಾಯಿಯ ಕೈಯದಲ್ಲವೆಂದೂ, ಸತ್ತ ಮೇಲೆ ಹುಟ್ಟಿದ ದತ್ತಕವೆಂದೂ ಥ್ಯಾಕರೆಯು ಸಂಶಯಪಟ್ಟನು.

ಸಂಶಯಪಡುವುದು ಅಧಿಕಾರಿಯ ಹಕ್ಕು. ವಿಚಾರಣೆ ಮಾಡುವುದು ಅವನ ಕರ್ತವ್ಯ. ಆದರೆ ಥ್ಯಾಕರೆಯು ವಿಚಾರಣೆಯು ಮುಗಿಯುವ ಮೊದಲೇ ಖಜೀನೆಗೆ ಮುದ್ರೆಯನ್ನೊತ್ತಿ ಪಹರೆಯನ್ನಿಟ್ಟನು. ಸುಮಾರು ಹದಿನೈದು ಲಕ್ಷ ರೂಪಾಯಿಗಳು ಅಲ್ಲಿದ್ದವೆಂದು ಹೇಳುವರು. ಕಾರಭಾರವನ್ನು ತನಗೆ ಒಪ್ಪಿದವರ ಕೈಗೆ ಕೊಟ್ಟನು. ಪುಣೆಯಲ್ಲಿ ದಖ್ಖನದ ಕಮಿಶನರ ಚಾಪ್ಲಿನ್ನನಿದ್ದನು, ಮುಂಬಯಿಯಲ್ಲಿ ಗವ್ಹರ್ನರ ಎಲ್ಫಿನ್‌ಸ್ಟನ್ನನಿದ್ದನು. ಅವರ ಕೊನೆಯ ನಿರ್ಣಯವು ಹೊರಡುವ ಮೊದಲೇ ಕಿತ್ತೂರು ಖಾಲಸಾ ಆದಂತೆಯೇ ಕಲೆಕ್ಟರನು ವರ್ತಿಸಿದನು. ಮಕ್ಕಳಿಲ್ಲದವನು ದತ್ತಕ ತೆಗೆದುಕೊಳ್ಳುವುದು ಹಿಂದೂ ಧರ್ಮಶಾಸ್ತ್ರಕ್ಕೆ ಸಮ್ಮತವಾದುದು. ಅದಕ್ಕೆ ಕಂಪನಿಯ ಪೂರ್ವಾನುಮತಿ ಬೇಕೆಂಬ ವಾದವು ಡಾಲ್‌ಹೌಸಿಯ ಕಾಲದಲ್ಲಿ ೧೮೪೮ರಲ್ಲಿ ಸಾತಾರೆಯನ್ನೂ, ಆಮೇಲೆ ಝಾಂಸಿಯನ್ನೂ ನುಂಗಿತೆಂದು ಶಾಲೆಯ ಹುಡುಗರೂ ಬಲ್ಲರು. ಅದೇ ವಾದದ ಹಲ್ಲು ಅದಕ್ಕಿಂತ ೨೪ ವರ್ಷ ಮೊದಲೇ ನಮ್ಮ ಕಿತ್ತೂರಿಗೆ ತಗಲಿತ್ತೆಂಬುದು ಶಾಲೆಯ ಪುಸ್ತಕಗಳಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ.

ಆಗ ಚೆನ್ನಮ್ಮನಿಗೆ ವಯಸ್ಸು ನಾಲ್ವತ್ತಾರು. ಗಂಡನು ಸತ್ತು ಎಂಟು ವರ್ಷ, ಮಲಮಗನು ಸತ್ತು ಕೆಲವೇ ದಿನ, ಸೊಸೆ ವೀರಮ್ಮನು ಹೊಸ ವಿಧವೆ. ಮೂರ್ತಿಯ ಕೈಯಲ್ಲಿ ಖಡ್ಗವನ್ನು ಮಾತ್ರ ಕಂಡವರಿಗೆ ಅವಳು ಮೊದಲು ಹಿಡಿದುದು ಲೇಖನಿಯನ್ನೆಂಬುದು ತೋರದು. ದತ್ತಕವನ್ನು ಮನ್ನಿಸಬೇಕೆಂದು ಅವಳು ಚಾಪ್ಲಿನ್ನನಿಗೂ ಎಲ್ಫಿನ್‌ಸ್ಟನ್ನನಿಗೂ ಬರೆಯಿಸಿದಳು. ಅರ್ಜಿಯ ದಾರಿಯು ಮುಚ್ಚುವ ತನಕ ಅವಳು ಕೋಟೆಯ ಬಾಗಿಲನ್ನು ಮುಚ್ಚಲಿಲ್ಲ. ನಮ್ಮ ಮಟ್ಟಿಗೆ ಅವಳ ಹಿರಿಮೆಯು ಇಲ್ಲಿಯೇ ಹೆಚ್ಚಾಗಿ ಕಾಣುತ್ತದೆ.

ಅಕ್ಟೋಬರದಲ್ಲಿ ಥ್ಯಾಕರೆಯು ತೋಪುಗಳೊಡನೆ ಕಿತ್ತೂರಿಗೆ ಬಂದು ಬೀಡುಬಿಟ್ಟನು. ೨೩ನೆಯ ತಾರೀಖಿನ ಮುಂಜಾನೆ ಕೋಟೆಯ ಬಾಗಿಲು ತೆರೆಯಲಿಲ್ಲ. ಕಲೆಕ್ಟರನು ಅಲ್ಪ ವೇಳೆಯ ಗಡುವನ್ನು ಕೊಟ್ಟು, ಬಾಗಿಲನ್ನು ಒಡೆಯುವುದಕ್ಕೆ ತೋಪುಗಳನ್ನು ಮುಂದಕ್ಕೆ ತರಿಸಿದನು. ಆಗ ಬಾಗಿಲು ತಾನಾಗಿ ತೆರೆಯಿತು. ಸರದಾರ ಗುರುಸಿದ್ದಪ್ಪನ ಕಡೆಯ ಜನವು ಹೊಳೆಯಂತೆ ಹೊರಬಿದ್ದಿತು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟನೆಂಟರಾದ ಸೀವೆಲ್ ಮತ್ತು ಡೈಟನ್ ಬಿದ್ದರು. ಥ್ಯಾಕರೆಯು ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾದನು. ಅವನ ಸಮಾಧಿಯು ಧಾರವಾಡದಲ್ಲಿದೆ. ಕಂಪನಿಯ ಜಿಲ್ಲಾಧಿಕಾರಿಯೊಬ್ಬನು ಹಗಲು ಹೊತ್ತಿನಲ್ಲಿ, ತನ್ನ ತೋಪುಗಳ ನಡುವೆ, ಸಣ್ಣ ಸಂಸ್ಥಾನವೊಂದರ ಬಾಗಿಲಲ್ಲಿ ಹತನಾದ ಸುದ್ದಿಯು ಪುಣೆ ಮುಂಬಯಿಗಳನ್ನು ನಡುಗಿಸಿತು.

ಕಲೆಕ್ಟರನ ಕೈಕೆಳಗಿನ ಸ್ಟೀವನಸನ್ ಮತ್ತು ಇಲಿಯಟ್ ಎಂಬಿಬ್ಬರು ಸೆರೆಸಿಕ್ಕರು. ರಾಣಿಯು ಅವರಿಗೆ ಕೇಡನ್ನು ಬಗೆಯಲಿಲ್ಲ. ಈ ಇಲಿಯಟ್ಟನು ಆಗ ಇಪ್ಪತ್ತೊಂದರ ತರುಣ. ಇವನೇ ಮುಂದೆ ಸರ್ ವಾಲ್ಟರ್ ಇಲಿಯಟ್ ಎಂದು ಹೆಸರಾಗಿ, ಧಾರವಾಡದ ಸೀಮೆಯ ನೂರಾರು ಶಿಲಾಶಾಸನಗಳನ್ನು ನಕಲು ಮಾಡಿಸಿ, ಚಾಲುಕ್ಯರ ವಂಶಾವಳಿಯನ್ನು ವಿದ್ವಾಂಸರ ಮುಂದಿಟ್ಟನು. ಕರ್ನಾಟಕದ ಇತಿಹಾಸವನ್ನು ಓದುವವರು ಆ ಸೆರೆಯ ಕೋಣೆಯನ್ನೊಮ್ಮೆ ನೆನೆಯಬೇಕು. ರಾಣಿಯ ಸಿಟ್ಟು ವಿವೇಕವನ್ನು ಮೀರಿದ್ದರೆ ನಮ್ಮ ಗತವೈಭವದ ಎಷ್ಟೋ ಪುಟಗಳು ಬೆಳಕಿಗೆ ಬರಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ!

ಅಮೇರಿಕದ ಮಾತನ್ನು ಮೇಲೆ ತಂದೆವು. ಅಲ್ಲಿ ೧೭೭೫ರಲ್ಲಿ ಮೊದಲ ಗುಂಡು ಹಾರಿದ್ದು, ಕಾಂಕರ್ಡ ಎಂಬ ಹಳ್ಳಿಯಲ್ಲಿ ಕೂಡಿಟ್ಟ ಮದ್ದುಗುಂಡುಗಳನ್ನು ವಶಪಡಿಸಿಕೊಳ್ಳಲು ಇಂಗ್ಲಿಷ ದಂಡು ಹೊರಟಾಗ; ಇಲ್ಲಿ ಹಾರಿದ್ದು ಖಜೀನೆಗೆ ಕೈಯಿಕ್ಕಿದಾಗ. ಅಲ್ಲಿಯ ಮೂಲ ವಿವಾದವು ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆಯನ್ನು ಹೇರಬಹುದೇ ಎಂಬುದು. ಇಲ್ಲಿಯದು ತಮ್ಮ ಮನೆಯ ವಾರಸನನ್ನು ಪರರು ಗೊತ್ತುಮಾಡಬಹುದೇ ಎಂಬುದು. ಆದರೆ ಅಮೇರಿಕದವರಿಗೆ ಎಂಟು ವರ್ಷಗಳ ಅವಕಾಶವಿತ್ತು, ಅಗಲವಾದ ನಾಡಿತ್ತು, ೧೭೭೮ರಿಂದ ಫ್ರಾನ್ಸಿನ ಹಡಗುಗಳಿದ್ದವು. ಕಿತ್ತೂರಿಗೆ ದೊರೆತುದು ನಾಲ್ವತ್ತಮೂರು ದಿನ. ಸುತ್ತಣ ಸಂಸ್ಥಾನಿಕರು ನೋಡುತ್ತ ಕುಳಿತರು.

ಆ ನಾಲ್ವತ್ತಮೂರು ದಿನಗಳಲ್ಲಿ ಮುಂಬಯಿ ಮದರಾಸು ಇಲಾಖೆಗಳ ದಂಡುಗಳು ಒಟ್ಟುಗೂಡಿದವು. ಚಾಪ್ಲಿನ್ನನು ತಾನೇ ಬಂದನು. ಸಂಧಿಯ ಆಸೆಯಿಂದ ಡಿಸೆಂಬರ ೨ರಂದು ರಾಣಿಯು ಸೆರೆಯಾಳುಗಳನ್ನು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟ ಮರುದಿನವೇ ಕರ್ನಲ್ ಡೀಕನ್ನನ ದಂಡು ಕೈಮಾಡಿತು. ಈ ಎರಡು ದಿನಗಳ ವೃತ್ತಾಂತವನ್ನು ಓದುವಾಗ ಕಂಪನಿಯ ಪಕ್ಷದವರಿಗೂ ತಲೆ ತಗ್ಗಿಸಬೇಕೆನಿಸುವುದು. ಸೋಲಾಪುರದ ಸಬ್ ಕಲೆಕ್ಟರನೂ ಜನರಲ್ ಮನ್ರೋನ ಸೋದರ ಸಂಬಂಧಿಯೂ ಆದ ಇನ್ನೊಬ್ಬ ಮನ್ರೋ ಈ ಕಾಳಗದಲ್ಲಿ ಹತನಾದನು. ಕೋಟೆಯೊಳಗಿನ ಮದ್ದಿನಲ್ಲಿ ಮನೆಮುರುಕರು ಸೆಗಣಿ ಬೆರೆಸಿದ್ದರೆಂದು ಜನರು ಹೇಳುತ್ತ ಬಂದಿದ್ದಾರೆ. ಮದ್ದು ಶುದ್ಧವಾಗಿದ್ದರೂ ಅಷ್ಟು ತೋಪುಗಳ ಎದುರಿಗೆ ಆ ಗೋಡೆಗಳು ಬಹುಕಾಲ ನಿಲ್ಲುತ್ತಿದ್ದಿಲ್ಲವೆಂದು ನಮ್ಮ ಎಣಿಕೆ. ಡಿಸೆಂಬರ ೫ರಂದು ಕಿತ್ತೂರು ಬಿದ್ದಿತು. ಧ್ರುವನಕ್ಷತ್ರವನ್ನು ನೋಡುವುದಕ್ಕೆಂದು ನಳಿಗೆಯನ್ನಿಟ್ಟು ಕಟ್ಟಿದ ಅರಮನೆಯ ಭಗ್ನ ಗೋಡೆಗಳನ್ನು ಹೋದವರು ಈಗಲೂ ನೋಡಬಹುದು.

ಚೆನ್ನಮ್ಮನನ್ನೂ ಸೊಸೆಯಂದಿರನ್ನೂ ಬೈಲಹೊಂಗಲದ ಕೋಟೆಗೆ ಒಯ್ದರು. ನಾಲ್ಕು ವರ್ಷಗಳಿಗೂ ಮಿಕ್ಕಿ ಅವಳು ಅಲ್ಲಿದ್ದಳು. ೧೮೨೯ರ ಫೆಬ್ರುವರಿಯಲ್ಲಿ ಸೆರೆಯಲ್ಲಿಯೇ ದೇಹವನ್ನಿಟ್ಟಳು. ಅವಳ ಸಮಾಧಿಯೂ ಅಲ್ಲಿಯೇ ಇದೆ.

ಅದೇ ವರ್ಷ ಸಂಗೊಳ್ಳಿಯ ರಾಯಣ್ಣನು ಎದ್ದನು. ಕಿತ್ತೂರಿನ ಓಲೆಕಾರರಲ್ಲಿ ಒಬ್ಬನು. ಗದ್ದುಗೆಯ ಮೇಲೆ ಅವನಿಗೆ ಯಾವ ಹಕ್ಕೂ ಇದ್ದಿಲ್ಲ. ಕಂಪನಿಯ ಕಚೇರಿಗಳನ್ನು ಸುಡುತ್ತ, ಖಜೀನೆಗಳನ್ನು ದೋಚುತ್ತ ಅವನು ಕಾಡುಮೇಡುಗಳಲ್ಲಿ ಕಾದಿದ್ದು ಕಪ್ಪದ ಸಲುವಾಗಿ ಅಲ್ಲ. ಮಸ್ತಮರಡಿಯ ಆ ಹುಡುಗ ಶಿವಲಿಂಗಪ್ಪನನ್ನು ದೇಸಾಯಿಯೆಂದು ಗದ್ದುಗೆಯಲ್ಲಿ ಕೂಡ್ರಿಸಬೇಕೆಂದು. ೧೮೩೦ರ ಎಪ್ರಿಲದಲ್ಲಿ ಅವನನ್ನು ಮೋಸದಿಂದ ಹಿಡಿದುಕೊಟ್ಟರು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.