ಬೀಳಗಿಯ ಕಂಠ, ಬಿಜಾಪುರದ ಟಾಕೀಸು: ಅಮೀರ್‌ಬಾಯಿ ಕರ್ನಾಟಕಿ

ತಾಳಿಕೋಟೆ: ಡೋಣಿ ನದಿಯ ದಂಡೆಯ ಈ ಪಟ್ಟಣದಿಂದ ಮುದ್ದೇಬಿಹಾಳ, ಸಿಂದಗಿ, ಬಸವನ ಬಾಗೇವಾಡಿ, ಇಂಡಿಯವರೆಗೆ ಯಾವ ಜಾತ್ರೆಗೆ ಹೋದರೂ ನಾಟಕದ ಭಿತ್ತಿಪತ್ರ ಕಣ್ಣಿಗೆ ಬೀಳದೆ ಇರದು. ಕಣ್ಣೀರು ತರಿಸುವ ಸಾಮಾಜಿಕ ನಾಟಕ, ಮೈ ನವಿರೇಳಿಸುವ ಕೊಲೆ ಸುಲಿಗೆಯ ಕಥೆ, ಹೊಟ್ಟೆ ಹುಣ್ಣಾಗಿಸುವ ಹಾಸ್ಯ, ಈ ಮೂರೂ ಒಂದೇ ಟಿಕೆಟ್ಟಿಗೆ ಸಿಗುತ್ತವೆಂದು ಧ್ವನಿವರ್ಧಕ ಕಟ್ಟಿದ ವಾಹನ ಓಣಿ ಓಣಿಯಲ್ಲಿ ಸಾರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಂತೂ ಹಲವು ಕಂಪನಿಗಳು ಒಟ್ಟೊಟ್ಟಿಗೆ ಡೇರೆ ಹಾಕಿ ರಾತ್ರಿಯಿಡೀ ಆಟ ನಡೆಸುವುದು ವಾಡಿಕೆ. ಖಾಸ್ಗತೇಶ್ವರನ ಹೆಸರು ಹೊತ್ತ ಇಲ್ಲಿಯ ನಾಟಕ ಕಂಪನಿಯಲ್ಲಿ ಬೆಳೆದು, ‘ಕಲಿಯುಗದ ಕುಡುಕ’ನಾಗಿ ಮನೆಮಾತಾಗಿ, ಬಳಿಕ ಬೆಳ್ಳಿತೆರೆಯಲ್ಲೂ ಹೆಸರು ಮಾಡಿದ ರಾಜು ತಾಳಿಕೋಟೆ ಅವರು 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ, ರಂಗದಿಂದ ಸಿನಿಮಾದತ್ತ ಸಾಗುವ ಈ ದಾರಿ ಎಷ್ಟು ಹಳೆಯದು ಎಂಬ ಪ್ರಶ್ನೆ ಹಲವರ ಮನದಲ್ಲಿ ಸುಳಿದಿರಬೇಕು.

ಅದೇ ದಾರಿಯಲ್ಲಿ ಸುಮಾರು ತೊಂಬತ್ತು ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಮುಂಬಯಿ ತಲುಪಿದ್ದರು. ಇಡೀ ದೇಶ ಅವರ ಹಾಡಿಗೆ ಕಿವಿಗೊಟ್ಟಿತು. ಗಳಿಸಿದ ಹಣದಲ್ಲಿ ಅವರು ತಮ್ಮ ಜಿಲ್ಲೆಯಲ್ಲೇ ಒಂದು ಚಿತ್ರಮಂದಿರ ಕಟ್ಟಿಸಿದರು. ಅವರೇ ಅಮೀರ್‌ಬಾಯಿ ಕರ್ನಾಟಕಿ.

ತಾಳಿಕೋಟೆಯಿಂದ ಪಶ್ಚಿಮಕ್ಕೆ, ಕೃಷ್ಣೆಯ ಆಚೆ ದಡದ ಸೀಮೆಯಲ್ಲಿರುವ ಬೀಳಗಿ ಅವರ ಹುಟ್ಟೂರು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರು ಅಂದು ಬಿಜಾಪುರ ಜಿಲ್ಲೆಯಲ್ಲಿತ್ತು. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಹಾಡು ಮತ್ತು ನಾಟಕವನ್ನೇ ನೆಚ್ಚಿ ಬದುಕುತ್ತಿದ್ದ ಮುಸ್ಲಿಂ ಕುಟುಂಬವೊಂದರಲ್ಲಿ ಅಮೀರ್‌ಬಾಯಿ ಜನಿಸಿದರು. ಅಕ್ಕತಂಗಿಯರಲ್ಲಿ ಗೋಹರಬಾಯಿ ಮತ್ತು ಅಮೀರ್‌ಬಾಯಿ ಇಬ್ಬರೂ ಮುಂದೆ ಖ್ಯಾತರಾದರು. ಶಾಲೆಯ ಓದಿಗಿಂತ ಹೆಚ್ಚಾಗಿ ತಾಳ, ಸ್ವರ ಮತ್ತು ರಂಗದ ಮಾತೇ ಇವರಿಗೆ ದೊರೆತ ವಿದ್ಯೆ.

ಆಗಿನ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು ಎಂಬುದನ್ನು ಮರೆಯಬಾರದು. ಬೀಳಗಿಯವರಿಗೆ ಬೆಂಗಳೂರು ಪರರಾಜ್ಯ, ಮುಂಬಯಿಯೇ ರಾಜಧಾನಿ. ಗದಗದಿಂದ ಬಾಗಲಕೋಟೆ, ಬಿಜಾಪುರಗಳ ಮೂಲಕ ಸೊಲ್ಲಾಪುರದ ಕಡೆಗೆ ಹೋಗುವ ರೈಲು ಹಳಿಯ ಮೇಲೆ ಕನ್ನಡ ಕಂಪನಿಗಳೂ ಮರಾಠಿ ಕಂಪನಿಗಳೂ ಪರದೆ ಪೆಟ್ಟಿಗೆಗಳ ಸಮೇತ ಓಡಾಡುತ್ತಿದ್ದವು. ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುವ ಪದ್ಧತಿ ಬಲವಾಗಿದ್ದ ಕಾಲ ಅದು. ಹೆಣ್ಣುಮಕ್ಕಳು ರಂಗಕ್ಕೆ ಬಂದರೆ ಜನ ಮುಗಿಬಿದ್ದು ನೋಡುತ್ತಿದ್ದರು. ಆದರೆ ಆಟ ಮುಗಿದ ಮರುದಿನ ಅದೇ ಜನ ಅವರನ್ನು ಮನೆಯ ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದರು. ಬೀಳಗಿಯ ಸೋದರಿಯರು ಕಂಪನಿ ನಾಟಕಗಳಲ್ಲಿ ಪಳಗಿದ್ದು ಈ ಎರಡು ಬಗೆಯ ನೋಟಗಳ ನಡುವೆಯೇ.

ಕಂಪನಿಯ ರಂಗ ಅಮೀರ್‌ಬಾಯಿಗೆ ಕೊಟ್ಟ ದೊಡ್ಡ ಆಸ್ತಿ ಅವರ ಕಂಠ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನೆಲದ ಮೇಲೆ ಕುಳಿತ ಕಟ್ಟಕಡೆಯ ಪ್ರೇಕ್ಷಕನಿಗೂ ಹಾಡಿನ ಪ್ರತಿ ಅಕ್ಷರ ಕೇಳಿಸಬೇಕಿತ್ತು. ತುಂಬಿದ, ತುಸು ದಪ್ಪನೆಯ, ಎದೆಯಿಂದ ಬರುವ ಅವರ ದನಿಯಲ್ಲಿ ಆ ಅಭ್ಯಾಸದ ಗುರುತು ಕೊನೆಯವರೆಗೂ ಉಳಿಯಿತು. ಮುಂಬಯಿಗೆ ಹೋದ ಮೇಲೆ ಅವರ ಖವ್ವಾಲಿಯೊಂದು ಗ್ರಾಮೋಫೋನ್ ತಟ್ಟೆಯಾಗಿ ಹೊರಬಂದು ಜನರ ಗಮನ ಸೆಳೆಯಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ದೊರೆಯಿತು. ಆಗಿನ್ನೂ ನಟಿಸುವವರೇ ಹಾಡಬೇಕಾಗಿದ್ದುದರಿಂದ ರಂಗದಿಂದ ಬಂದವರಿಗೆ ಚಿತ್ರರಂಗದ ಬಾಗಿಲು ಬೇಗ ತೆರೆಯುತ್ತಿತ್ತು. ಆದರೂ ಅಮೀರ್‌ಬಾಯಿಗೆ ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥ ಯಶಸ್ಸೇನೂ ಬರಲಿಲ್ಲ. ವಿಜಯ ಭಟ್ ಅವರ ‘ನರಸಿ ಭಗತ್’ (1940) ಚಿತ್ರದಲ್ಲಿ ಗುಜರಾತದ ಸಂತ ನರಸಿ ಮೆಹತಾರ ಪ್ರಸಿದ್ಧ ಭಜನೆಗೆ ದನಿಗೂಡಿಸಿದಾಗ ಅವರ ಹೆಸರು ಭಕ್ತಿಗೀತೆಯ ಕೇಳುಗರಿಗೆ ಪರಿಚಯವಾಯಿತು.

ಅವರ ಅದೃಷ್ಟ ತೆರೆದದ್ದು ‘ಅದೃಷ್ಟ’ ಎಂದೇ ಹೆಸರಿದ್ದ ಚಿತ್ರದಿಂದ. ಬಾಂಬೆ ಟಾಕೀಸ್ ಸಂಸ್ಥೆಯ, ಗ್ಯಾನ್ ಮುಖರ್ಜಿ ನಿರ್ದೇಶನದ ‘ಕಿಸ್ಮತ್’ 1943ರಲ್ಲಿ ತೆರೆಗೆ ಬಂತು. ಇಂದಿನ ಜಾಹೀರಾತಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಥ್ರಿಲ್ಲರ್. ಅಶೋಕ್ ಕುಮಾರ್ ಅಲ್ಲಿ ಜೇಬುಗಳ್ಳ. ನಾಯಕ ಕಳ್ಳನಾಗಿದ್ದೂ ಪ್ರೇಕ್ಷಕ ಅವನ ಪರ ನಿಲ್ಲುವ ಕಥೆ ಆ ಕಾಲಕ್ಕೆ ಹೊಸದು. ಕದ್ದ ಹಾರ, ಬೆನ್ನಟ್ಟುವ ಪೊಲೀಸರು, ಬಾಲ್ಯದಲ್ಲಿ ಮನೆ ಬಿಟ್ಟುಹೋದ ಮಗ ಕೊನೆಗೆ ಸಿಗುವುದು ಮುಂತಾದ, ಮುಂದೆ ಹಿಂದಿ ಚಿತ್ರಗಳು ಸವೆಯುವವರೆಗೆ ಬಳಸಿದ ಸಾಮಗ್ರಿಯೆಲ್ಲ ಅದರಲ್ಲಿತ್ತು. ಕಥೆಯ ನಾಯಕಿ ರಾಣಿ ಒಬ್ಬ ರಂಗನಟಿ. ಒಂದು ಕಾಲಕ್ಕೆ ಆಕೆಯ ತಂದೆಯದೇ ಆಗಿದ್ದ ನಾಟಕಶಾಲೆ ಈಗ ಬೇರೊಬ್ಬರ ಪಾಲಾಗಿದೆ. ಅಲ್ಲೇ ಆಕೆ ಹೊಟ್ಟೆಪಾಡಿಗೆ ಹಾಡಬೇಕು. ತೆರೆಯ ಮೇಲೆ ರಾಣಿಯಾಗಿ ಕಾಣಿಸಿದವರು ಮುಮ್ತಾಜ್ ಶಾಂತಿ, ರಾಣಿಯಾಗಿ ಹಾಡಿದವರು ಅಮೀರ್‌ಬಾಯಿ. ರಂಗದ ಬೆಳಕನ್ನೂ ಅದರ ಹಿಂದಿನ ಬಡತನವನ್ನೂ ಕಂಡುಂಡ ದನಿ ಅದಕ್ಕೆ ಬೇಕಿತ್ತು ಎಂದು ಆ ಹಾಡುಗಳನ್ನು ಇಂದು ಕೇಳುವಾಗಲೂ ಅನಿಸುತ್ತದೆ.

ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರದ ಹೆಚ್ಚಿನ ಗೀತೆಗಳು ಅಮೀರ್‌ಬಾಯಿ ಕಂಠದವೇ. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಗೀತೆಯನ್ನು ಅಶೋಕ್ ಕುಮಾರ್ ಜತೆಗೂ ಹಾಡಿದರು. ಊರೆಲ್ಲ ದೀಪಾವಳಿಯಾದರೂ ತನ್ನ ಮನೆಯಲ್ಲಿ ಕತ್ತಲೆ ಎಂದು ಕೊರಗುವ ಇನ್ನೊಂದು ಗೀತೆ ಬೀದಿ ಬೀದಿಗೆ ಹಬ್ಬಿತು. ಆದರೆ ಸಂಚಲನ ಉಂಟುಮಾಡಿದ್ದು ಖಾನ್ ಮಸ್ತಾನಾ ಮತ್ತು ಸಂಗಡಿಗರೊಡನೆ ಹಾಡಿದ, ಹಿಂದೂಸ್ತಾನ ನಮ್ಮದು, ಪರರು ದೂರ ಸರಿಯಿರಿ ಎಂಬ ಭಾವದ ಗೀತೆ. ಕ್ವಿಟ್ ಇಂಡಿಯಾ ಚಳವಳಿಯ ನಾಯಕರೆಲ್ಲ ಸೆರೆಮನೆಯಲ್ಲಿದ್ದ ಸಮಯವದು. ಗೀತೆ ಬರೆದ ಕವಿ ಪ್ರದೀಪ್ ಜರ್ಮನ್, ಜಪಾನಿಯರ ಹೆಸರನ್ನೂ ಅದರಲ್ಲಿ ಸೇರಿಸಿದ್ದರಿಂದ ಮಹಾಯುದ್ಧದ ಶತ್ರುಗಳ ವಿರುದ್ಧದ ಹಾಡೆಂದು ಸೆನ್ಸಾರ್ ಅಧಿಕಾರಿಗಳು ಒಪ್ಪಿಗೆ ಕೊಟ್ಟರು. ಪರರು ಯಾರೆಂಬುದು ಚಿತ್ರಮಂದಿರದಲ್ಲಿ ಕುಳಿತ ಜನಕ್ಕೆ ಮಾತ್ರ ಚೆನ್ನಾಗಿಯೇ ಗೊತ್ತಿತ್ತು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ ‘ಕಿಸ್ಮತ್’ ಮೂರು ವರ್ಷಕ್ಕೂ ಮಿಕ್ಕಿ ಓಡಿತು. 1975ರಲ್ಲಿ ತೆರೆಕಂಡ ‘ಶೋಲೆ’ ಬಂದು ಮುರಿಯುವ ತನಕ ಆ ದಾಖಲೆ ಹಾಗೆಯೇ ನಿಂತಿತ್ತು.

ಮರುವರ್ಷ ನೌಷಾದ್ ಸಂಗೀತದ ‘ರತನ್’, 1947ರಲ್ಲಿ ಸಿ. ರಾಮಚಂದ್ರ ಸಂಗೀತದ ‘ಶೆಹನಾಯಿ’ ಚಿತ್ರಗಳಲ್ಲೂ ಅವರ ಹಾಡುಗಳು ಗೆದ್ದವು. 1948ರ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ಸಂಯೋಜಿಸಿದರು. ಹೆಣ್ಣೊಬ್ಬಳು ಸಂಗೀತ ನಿರ್ದೇಶಕಿಯ ಪೀಠದಲ್ಲಿ ಕೂರುವುದು ಆಗ ಬೆರಳೆಣಿಕೆಯ ಸಂಗತಿ. ಇಂದಿಗೂ ಪರಿಸ್ಥಿತಿ ಬಹಳವೇನೂ ಬದಲಾಗಿಲ್ಲ. ಇವೆಲ್ಲದರ ನಡುವೆ ಕನ್ನಡ ಗೀತೆಗಳನ್ನೂ ಅವರು ಹಾಡಿ ಧ್ವನಿಮುದ್ರಿಸಿದರು. ತವರಿನ ಜನ ಅವರನ್ನು ಕನ್ನಡ ಕೋಗಿಲೆ ಎಂದು ಕರೆದರು. ಕರ್ನಾಟಕ ಎಂಬ ಹೆಸರಿನ ರಾಜ್ಯವೇ ಇಲ್ಲದಿದ್ದ ಕಾಲದಲ್ಲಿ ಮುಂಬಯಿಯ ತೆರೆಯ ಮೇಲೆ, ತಟ್ಟೆಗಳ ಮೇಲೆ ಕರ್ನಾಟಕಿ ಎಂಬ ಅಡ್ಡಹೆಸರು ಅಚ್ಚಾಗುತ್ತಿತ್ತು ಎಂಬುದು ಗಮನಾರ್ಹ.

ಹೆಸರು ಹಣ ಬಂದರೂ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಖಳಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗಿನ ಮದುವೆ ಹಿಂಸೆಯ ಸರಮಾಲೆಯಾಯಿತು. ಪತಿ ಹೊಡೆಯುತ್ತಿದ್ದ, ದುಡಿದದ್ದನ್ನು ಕಸಿಯುತ್ತಿದ್ದ. ಲಕ್ಷಾಂತರ ಜನರನ್ನು ತನ್ನ ಹಾಡಿನಿಂದ ಸಂತೈಸಿದವಳು ತನ್ನ ಮನೆಯಲ್ಲಿ ಅಂಜಿ ಬದುಕಿದಳು. ಆದರೆ ಅಮೀರ್‌ಬಾಯಿ ಸಹಿಸಿಕೊಂಡೇ ಉಳಿಯಲಿಲ್ಲ. ಪಟ್ಟು ಹಿಡಿದು ವಿಚ್ಛೇದನ ಪಡೆದರು. ದೇಶ ವಿಭಜನೆಯ ಬಳಿಕ ಆ ನಟ ಪಾಕಿಸ್ತಾನಕ್ಕೆ ಹೋದರು. ಅಮೀರ್‌ಬಾಯಿ ಮುಂದೆ ಗುಜರಾತಿ ಪತ್ರಿಕೆಯೊಂದರ ಸಂಪಾದಕರಾಗಿದ್ದ ಬದರಿ ಕಾಂಚವಾಲಾ ಅವರನ್ನು ವರಿಸಿದರು.

ಅಕ್ಕನ ಬದುಕೂ ಬೇರೊಂದು ರೀತಿಯಲ್ಲಿ ಸುದ್ದಿಯಾಗಿತ್ತು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೇ ಮರುಳುಮಾಡಿದ್ದ ಬಾಲಗಂಧರ್ವರ ತಟ್ಟೆಗಳನ್ನು ಕೇಳಿ ಕೇಳಿ ಅವರಂತೆಯೇ ಹಾಡಲು ಕಲಿತ ಗೋಹರಬಾಯಿ, ಸಾಲದಲ್ಲಿ ಮುಳುಗಿದ್ದ ಅವರ ಕಂಪನಿಯನ್ನು 1930ರ ದಶಕದ ಕೊನೆಯಲ್ಲಿ ಸೇರಿದರು. 1951ರಲ್ಲಿ ಇಬ್ಬರ ವಿವಾಹವಾಯಿತು. ಮರಾಠಿ ರಸಿಕರಲ್ಲಿ ಅನೇಕರು ಈ ಕನ್ನಡತಿಯನ್ನು ಕ್ಷಮಿಸಲಿಲ್ಲ. ಕಾಯಿಲೆಯಿಂದ ಜರ್ಜರಿತರಾದ ಗಂಧರ್ವರ ಶುಶ್ರೂಷೆ ಮಾಡಿದವರು ಮಾತ್ರ ಆಕೆಯೇ.

1949ರ ಹೊತ್ತಿಗೆ ಹಿಂದಿ ಚಿತ್ರಗೀತೆಯ ಗಾಳಿ ಬದಲಾಯಿತು. ‘ಮಹಲ್’, ‘ಬರಸಾತ್’ ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಅವರ ತೆಳುವಾದ, ಎತ್ತರದ ಸ್ವರ ಜನರನ್ನು ಗೆದ್ದಿತು. ಮೈಕ್ರೋಫೋನಿಗೆ ಪಿಸುಗುಟ್ಟಿದರೂ ಸಾಕೆಂಬ ಕಾಲದಲ್ಲಿ ನಾಟಕಶಾಲೆಯ ತುಂಬುಕಂಠಗಳಿಗೆ ಕೆಲಸ ಕಡಿಮೆಯಾಯಿತು. ಜೊಹ್ರಾಬಾಯಿ ಅಂಬಾಲೆವಾಲಿಯಂಥ ಸಮಕಾಲೀನರೂ ಹೀಗೆಯೇ ಹಿಂದೆ ಸರಿದರು. ಅಮೀರ್‌ಬಾಯಿ ಕೊರಗುತ್ತ ಕೂರಲಿಲ್ಲ. ಪೋಷಕ ಪಾತ್ರಗಳಲ್ಲಿ ನಟಿಸುತ್ತ ದುಡಿಮೆ ಮುಂದುವರಿಸಿದರು. ಬೇಡಿಕೆ ಕುಗ್ಗಿದ ಮೇಲೆ ಬಾಡಿಗೆ ಕೋಣೆಗಳಲ್ಲಿ ಬದುಕು ಮುಗಿಸಿದ ಗಾಯಕಿ, ನಟಿಯರು ಆ ತಲೆಮಾರಿನಲ್ಲಿ ಕಡಿಮೆಯೇನಿಲ್ಲ. ಅವರ ಸಾಲಿಗೆ ಅಮೀರ್‌ಬಾಯಿ ಸೇರದಿರಲು ಒಂದು ಕಾರಣ ಅವರ ವ್ಯವಹಾರ ಜ್ಞಾನ.

ಆ ಜ್ಞಾನದ ಫಲವೇ ಬಿಜಾಪುರದ ಅಮೀರ್ ಟಾಕೀಸ್. ಗಳಿಕೆಯನ್ನು ಮುಂಬಯಿಯಲ್ಲೇ ಕಳೆಯದೆ, ಹಿಂದೆ ಡೇರೆಯಲ್ಲಿ ಹಾಡಿದ್ದ ಸೀಮೆಯ ಮುಖ್ಯ ಪಟ್ಟಣದಲ್ಲಿ ತಮ್ಮದೇ ಹೆಸರಿನ ಚಿತ್ರಮಂದಿರ ಮಾಡಿಕೊಂಡರು. ‘ಕಿಸ್ಮತ್’ನ ರಾಣಿ ಪರರ ಪಾಲಾದ ತಂದೆಯ ನಾಟಕಶಾಲೆಯಲ್ಲಿ ಹಾಡುತ್ತಿದ್ದಳು. ಆಕೆಗೆ ದನಿ ಕೊಟ್ಟವರು ಸ್ವತಃ ಟಾಕೀಸಿನ ಒಡತಿಯಾದರು. ಕಂಪನಿ ನಟಿಯರಿಗೆ ಮನೆ ಬಾಡಿಗೆಗೆ ಕೊಡಲೂ ಹಿಂದೆಮುಂದೆ ನೋಡುತ್ತಿದ್ದ ಸಮಾಜದಲ್ಲಿ, ಅಂಥ ಹೆಣ್ಣೊಬ್ಬಳ ಹೆಸರನ್ನು ಊರವರೆಲ್ಲ ದಾರಿ ತೋರಿಸಲು ಬಳಸುವಂತಾದದ್ದು ಸಣ್ಣ ಮಾತಲ್ಲ.

1964ರಲ್ಲಿ ಗೋಹರಬಾಯಿ ನಿಧನರಾದರು. ಮರುವರ್ಷ ಅಮೀರ್‌ಬಾಯಿಗೆ ಪಾರ್ಶ್ವವಾಯು ಬಡಿಯಿತು. 1965ರ ಮಾರ್ಚ್ 3ರಂದು ಅವರು ಕೊನೆಯುಸಿರೆಳೆದರು. ಅಂತ್ಯಸಂಸ್ಕಾರ ನಡೆದದ್ದು ಬಿಜಾಪುರದ ಮಣ್ಣಿನಲ್ಲಿ. ಅವರ 78 ಆರ್‌ಪಿಎಂ ತಟ್ಟೆಗಳು ಸಂಗ್ರಾಹಕರ ಕಪಾಟು ಸೇರಿದವು. ರಹಮತ್ ತರೀಕೆರೆ ಅವರು ಬೀಳಗಿ, ಬಿಜಾಪುರ, ಮುಂಬಯಿಗಳನ್ನು ಜಾಲಾಡಿ ಕನ್ನಡದಲ್ಲಿ ಜೀವನಚರಿತ್ರೆ ಬರೆಯುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ಶತಮಾನ ಕಳೆದಿತ್ತು. ಅಲ್ಲಿಯವರೆಗೆ ಬಿಜಾಪುರದ ಹೊಸ ಪ್ರೇಕ್ಷಕರಲ್ಲಿ ಅನೇಕರಿಗೆ ಅಮೀರ್ ಎಂದರೆ ಒಂದು ಟಾಕೀಸಿನ ಹೆಸರು ಮಾತ್ರವಾಗಿತ್ತು.