ಹಸಿ ಗಾರೆಯ ಚಿತ್ರಕಾರ: ಅಂತೋನಿಯೊ ಮೊಸ್ಕೇನಿ

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ನಮಗೆಲ್ಲ ಸುಣ್ಣ ಹೊಸದಲ್ಲ. ಹಬ್ಬ ಬಂತಂದ್ರೆ ಹಳೆ ಗೋಡೆಗೆ ಹೊಸ ಸುಣ್ಣ ಹಚ್ಚೋದನ್ನ ಚಿಕ್ಕಂದಿನಿಂದ ನೋಡಿದ್ದೇವೆ. ಅದೇ ಸುಣ್ಣವನ್ನು ನಂಬಿ ನೂರು ವರ್ಷಕ್ಕೂ ಹೆಚ್ಚು ಬಾಳುವ ಚಿತ್ರಗಳನ್ನು ನಮ್ಮ ರಾಜ್ಯದಲ್ಲೇ ಬರೆದವರು ಅಂತೋನಿಯೊ ಮೊಸ್ಕೇನಿ.

ಅವರು ಹುಟ್ಟಿದ್ದು 1854ರಲ್ಲಿ, ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊ ಊರಲ್ಲಿ. ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತರು. ಚಿತ್ರಕಾರನಾಗಿ ಹೆಸರು ಮಾಡುತ್ತಿದ್ದಾಗಲೇ, 1889ರಲ್ಲಿ ಜೆಸ್ವಿಟ್ ಸಂಘ ಸೇರಿಬಿಟ್ಟರು. ಪಾದ್ರಿ ಆಗಲಿಲ್ಲ, ಬರೀ ಬ್ರದರ್ ಆಗಿಯೇ ಉಳಿದರು. ಆದ್ರೆ ಕುಂಚ ಮಾತ್ರ ಬಿಡಲಿಲ್ಲ.

1898ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿ 1880ರಲ್ಲಿ ಶುರುವಾದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಅವರಿಗೆ ಕೆಲಸ ಕಾದಿತ್ತು. ಸುಮಾರು ಎರಡು ವರ್ಷ ದುಡಿದು ಗೋಡೆಗಳಿಗೆ ಫ್ರೆಸ್ಕೊ, ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದ ಚಿತ್ರ ಬರೆದರು. ಯೇಸುವಿನ ಜನನ, ಶಿಲುಬೆ, ಮಕ್ಕಳ ಜೊತೆಗಿರುವ ಯೇಸು, ಎಲ್ಲ ಅಲ್ಲಿವೆ. ಅಲೋಶಿಯಸ್ ಗೊನ್ಜಾಗಾ ಅವರ ಜೀವನವೂ ಇದೆ. 1591ರಲ್ಲಿ ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ತೀರಿಕೊಂಡಾಗ ಅವರಿಗೆ ಬರೀ 23 ವರ್ಷ. ಹೆಚ್ಚೂ ಕಮ್ಮಿ ನಮ್ಮ ಸೀನಿಯರ್‌ಗಳ ವಯಸ್ಸು!

ಫ್ರೆಸ್ಕೊ ಅಂದ್ರೆ ಏನು? ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತೆ, ಬಣ್ಣ ಅದರೊಳಗೇ ಕೂತು ಕಲ್ಲಾಗುತ್ತೆ. ಹೀಗಾಗಿ ಒಂದು ದಿನಕ್ಕೆ ಮುಗಿಯುವಷ್ಟೇ ಗಾರೆ ಹಾಕಬೇಕು. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಹಾಕಬೇಕು, ಅಂಡೂ ಬಟನ್ ಇಲ್ಲ. ಸುಮಾರು 1305ರಲ್ಲಿ ಜೊತ್ತೊ ಪಾದುವಾದ ಚಾಪೆಲ್ ಮುಗಿಸಿದ್ದೂ ಇದೇ ವಿದ್ಯೆಯಿಂದ. ಆರುನೂರು ವರ್ಷ ಹಳೆಯ ಆ ಕೆಲಸವನ್ನ ಮೊಸ್ಕೇನಿ ಕರಾವಳಿಯ ಮಳೆ, ಸೆಕೆಯ ನಡುವೆ ಮಾಡಿದರು.

ಆಮೇಲೆ ಮುಂಬೈನ ಹೋಲಿ ನೇಮ್ ಚರ್ಚಿನಲ್ಲೂ ಬರೆದರು. ಕೊನೆಗೆ ಕೊಚ್ಚಿಯ ಸಾಂತಾ ಕ್ರೂಜ್ ಚರ್ಚು. ಅದರ ಪ್ರತಿಷ್ಠೆಗೆ ಕೆಲವೇ ದಿನ ಇರುವಾಗ, 1905ರ ನವೆಂಬರ್‌ನಲ್ಲಿ, 51ನೇ ವಯಸ್ಸಿಗೆ ತೀರಿಕೊಂಡರು. ತಾನು ಬರೆದ ಚಿತ್ರಗಳ ಮುಂದೆ ಜನ ಸೇರಿದ್ದನ್ನ ಅವರು ನೋಡಲೇ ಇಲ್ಲ.

ಮಂಗಳೂರಿಗೆ ಹೋದ್ರೆ ಬೀಚ್ ಒಂದೇ ನೋಡಿ ಬರಬೇಡಿ. ಆ ಚಾಪೆಲ್‌ನಲ್ಲಿ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಗಾರೆ ಒಣಗೋದರೊಳಗೆ ಇದನ್ನೆಲ್ಲ ಒಬ್ಬ ಮನುಷ್ಯ ಬರೆದ ಅನ್ನೋದು ನೆನಪಿರಲಿ.